ಗಾಳಿಯೊಳಗಿನ ವಿದ್ಯುತ್ತನ್ನು ಎಣಿಸುವ ಬಗೆ: ವಿಕಿರಣ ಮಾಪನದ ಒಳಹೊರಗು

ಹೇಮಗುಡ್ಡ (ಕೊಪ್ಪಳ ಜಿಲ್ಲೆ): ಕಂಪಿಲದೇವ ಮತ್ತು ಕುಮಾರರಾಮನ ಕಥೆಗಳೊಂದಿಗೆ ತಳುಕು ಹಾಕಿಕೊಂಡಿರುವ ಹೇಮಗುಡ್ಡದ ಕೋಟೆಯ ಸುತ್ತ ಹೆಬ್ಬಂಡೆಗಳು ರಾಶಿ ರಾಶಿಯಾಗಿ ಬಿದ್ದಿವೆ. ನೋಡುವ ಕಣ್ಣಿಗೆ ಅವು ನಿಶ್ಚಲ. ಆದರೆ ಎಲ್ಲ ಗ್ರಾನೈಟ್ ಶಿಲೆಗಳಂತೆ ಈ ಬಂಡೆಗಳಲ್ಲಿಯೂ ಪೊಟ್ಯಾಸಿಯಂ, ಯುರೇನಿಯಂ ಮತ್ತು ಥೋರಿಯಂ ಧಾತುಗಳು ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿದ್ದು, ಅವುಗಳಿಂದ ಸದಾ ಗಾಮಾ ಕಿರಣಗಳು ಹೊರಹೊಮ್ಮುತ್ತಲೇ ಇರುತ್ತವೆ. ಆ ಕಿರಣಗಳು ಸುತ್ತಲಿನ ಗಾಳಿಯನ್ನು ಹಾದುಹೋಗುವಾಗ ಅಲ್ಲಿ ಅತಿ ಸೂಕ್ಷ್ಮ ಪ್ರಮಾಣದ ವಿದ್ಯುದಾವೇಶ ಹುಟ್ಟುತ್ತದೆ. ಆ ಆವೇಶವನ್ನು ಹಿಡಿದು ಎಣಿಸುವುದೇ ವಿಕಿರಣವನ್ನು ಅಳೆಯುವ ಅತ್ಯಂತ ಹಳೆಯ, ಇಂದಿಗೂ ಅತ್ಯಂತ ನಂಬಿಕೆಯ ವಿಧಾನವಾಗಿದೆ.

ಕೊಪ್ಪಳ ಜಿಲ್ಲೆಯಲ್ಲಿ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ಹುಡುಕುವ ವಿಚಾರ 2025ರ ಆರಂಭದಲ್ಲಿ ಸುದ್ದಿಯಾದಾಗ ಜಿಲ್ಲೆಯಾದ್ಯಂತ ವಿರೋಧ ವ್ಯಕ್ತವಾಗಿತ್ತು. ಇಂಥ ಚರ್ಚೆ ಎದ್ದಾಗಲೆಲ್ಲ 'ವಿಕಿರಣ ಇಷ್ಟಿದೆ', 'ಅಷ್ಟಿಲ್ಲ' ಎಂಬ ಮಾತುಗಳು ಎರಡೂ ಕಡೆಯಿಂದ ಕೇಳಿಬರುತ್ತವೆ. ಇನ್ನೊಂದು ಕಡೆ, ಕ್ಯಾನ್ಸರ್ ಚಿಕಿತ್ಸೆಗಾಗಿ ಈ ಭಾಗದ ರೋಗಿಗಳು ಹುಬ್ಬಳ್ಳಿ, ಬಳ್ಳಾರಿ, ಕಲಬುರಗಿ ಅಥವಾ ಬೆಂಗಳೂರಿನ ಆಸ್ಪತ್ರೆಗಳಿಗೆ ಹೋಗಿ 'ಕರೆಂಟು' ಇಡಿಸಿಕೊಳ್ಳುವುದು ಸಾಮಾನ್ಯ. ಈ ಎರಡೂ ಸಂದರ್ಭಗಳಲ್ಲಿ ಕೊನೆಯ ಮಾತು ಹೇಳುವುದು ಒಂದು ಅಳತೆ. ಆ ಅಳತೆಯನ್ನು ಹೇಗೆ ಮಾಡುತ್ತಾರೆ, ಅದು ಎಲ್ಲಿ ದಾರಿ ತಪ್ಪಬಹುದು ಎಂಬುದನ್ನು ಸಾಮಾನ್ಯ ಓದುಗರೂ ತಿಳಿದಿರುವುದು ಅಗತ್ಯ.

ಅಯಾನು ಎಂದರೇನು?

ಗಾಳಿಯ ಅಣುಗಳಲ್ಲಿ ಧನ ಮತ್ತು ಋಣ ಆವೇಶಗಳು ಸಮನಾಗಿರುವುದರಿಂದ ಗಾಳಿ ಸಾಮಾನ್ಯವಾಗಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಎಕ್ಸ್-ರೇ, ಗಾಮಾ, ಆಲ್ಫಾ, ಬೀಟಾ ಮುಂತಾದ ಕಿರಣಗಳಿಗೆ ಅಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತುಹಾಕುವಷ್ಟು ಶಕ್ತಿ ಇರುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡ ಅಣು ಧನ ಅಯಾನು ಎನಿಸಿಕೊಳ್ಳುತ್ತದೆ. ಹೊರಬಿದ್ದ ಎಲೆಕ್ಟ್ರಾನ್ ಬಹುತೇಕ ಆಮ್ಲಜನಕದ ಅಣುವೊಂದಕ್ಕೆ ಅಂಟಿಕೊಂಡು ಋಣ ಅಯಾನಾಗುತ್ತದೆ. ಈ ಜೋಡಿಗೆ ಅಯಾನು ಜೋಡಿ ಎಂದು ಹೆಸರು.

ಗಾಳಿಯಲ್ಲಿ ಒಂದು ಅಯಾನು ಜೋಡಿ ಹುಟ್ಟಲು ಸರಾಸರಿ 33.97 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ವ್ಯಯವಾಗುತ್ತದೆ. ಸಾರಜನಕದ ಅಣುವಿನಿಂದ ಎಲೆಕ್ಟ್ರಾನ್ ಕೀಳಲು ಬೇಕಾಗುವುದು ಸುಮಾರು 15.6 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಉಳಿದ ಶಕ್ತಿಯು ಅಣುಗಳನ್ನು ಒಡೆಯದೆ ಕೇವಲ ಉದ್ರೇಕಗೊಳಿಸುವುದರಲ್ಲಿ ಕಳೆದುಹೋಗುತ್ತದೆ. ಈ ಸರಾಸರಿಯು ಎಲೆಕ್ಟ್ರಾನುಗಳ ಶಕ್ತಿಗೆ ತಕ್ಕಂತೆ ಹೆಚ್ಚೇನೂ ಬದಲಾಗುವುದಿಲ್ಲ ಎಂಬುದು ನಿಸರ್ಗವೇ ಒದಗಿಸಿರುವ ಅನುಕೂಲ. ಹೀಗಾಗಿ ಎಷ್ಟು ಆವೇಶ ಹುಟ್ಟಿತು ಎಂದು ತಿಳಿದರೆ ಗಾಳಿಗೆ ಎಷ್ಟು ಶಕ್ತಿ ಸಂದಿತು ಎಂಬುದನ್ನು ನೇರವಾಗಿ ಲೆಕ್ಕ ಹಾಕಬಹುದು. ಇಡೀ ಮಾಪನ ಶಾಸ್ತ್ರ ನಿಂತಿರುವುದು ಈ ಒಂದು ಸಂಖ್ಯೆಯ ಮೇಲೆ.

ಆರಂಭದ ದಿನಗಳು

ಜರ್ಮನಿಯ ವಿಲ್ಹೆಲ್ಮ್ ರಾಂಟ್ಜನ್ 1895ರ ನವೆಂಬರ್‌ನಲ್ಲಿ ಎಕ್ಸ್-ಕಿರಣಗಳನ್ನು ಕಂಡುಹಿಡಿದರು. ಮರುವರ್ಷವೇ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೆ.ಜೆ. ಥಾಮ್ಸನ್ ಮತ್ತು ಅರ್ನೆಸ್ಟ್ ರುದರ್‌ಫೋರ್ಡ್, ಎಕ್ಸ್-ಕಿರಣ ಹಾಯ್ದ ಅನಿಲವು ವಿದ್ಯುತ್ ವಾಹಕವಾಗುತ್ತದೆ ಎಂಬುದನ್ನು ವಿವರವಾಗಿ ಪರೀಕ್ಷಿಸಿದರು. ಎರಡು ಲೋಹದ ಫಲಕಗಳ ನಡುವೆ ವೋಲ್ಟೇಜ್ ಹೆಚ್ಚಿಸುತ್ತ ಹೋದಂತೆ ಪ್ರವಾಹವೂ ಹೆಚ್ಚುತ್ತದೆ. ಆದರೆ ಒಂದು ಹಂತದ ಬಳಿಕ ಎಷ್ಟೇ ವೋಲ್ಟೇಜ್ ಏರಿಸಿದರೂ ಪ್ರವಾಹ ಏರುವುದಿಲ್ಲ. ಹುಟ್ಟಿದ ಎಲ್ಲ ಅಯಾನುಗಳೂ ಫಲಕಗಳನ್ನು ಸೇರಿಬಿಟ್ಟಿವೆ ಎಂಬುದೇ ಇದರ ಅರ್ಥ. ಈ ಸ್ಥಿತಿಗೆ ಸಂತೃಪ್ತ ಪ್ರವಾಹ ಎನ್ನುತ್ತಾರೆ.

ಮೇರಿ ಕ್ಯೂರಿ ಮತ್ತು ಪಿಯರ್ ಕ್ಯೂರಿ ದಂಪತಿ 1898ರಲ್ಲಿ ಪೊಲೋನಿಯಂ ಮತ್ತು ರೇಡಿಯಂ ಧಾತುಗಳನ್ನು ಪತ್ತೆ ಮಾಡಿದ್ದು ಇದೇ ತತ್ತ್ವದ ಉಪಕರಣದಿಂದ. ಅದಿರಿನ ಪುಡಿಯನ್ನು ಫಲಕದ ಮೇಲೆ ಹರಡಿ, ಗಾಳಿಯಲ್ಲಿ ಹುಟ್ಟುವ ಪ್ರವಾಹವನ್ನು ಅವರು ಅಳೆದರು. ಅದರಲ್ಲಿದ್ದ ಯುರೇನಿಯಂ ಪ್ರಮಾಣಕ್ಕೆ ಹೋಲಿಸಿದರೆ ಪ್ರವಾಹ ಬಹಳ ಹೆಚ್ಚಾಗಿತ್ತು. ಅದಿರಿನಲ್ಲಿ ಮತ್ತೇನೋ ಇದೆ ಎಂಬ ಸುಳಿವು ಸಿಕ್ಕಿದ್ದು ಆ ಪ್ರವಾಹದ ಅಂಕಿಯಿಂದಲೇ ಎಂಬುದು ಗಮನಾರ್ಹ.

ಒಂದು ಅಯಾನಿನ ಆವೇಶ ಎಷ್ಟು?

ಒಟ್ಟು ಆವೇಶವನ್ನು ಅಳೆಯುವುದು ಒಂದು ಕೆಲಸ. ಒಂದೊಂದು ಅಯಾನು ಹೊರುವ ಆವೇಶ ಎಷ್ಟೆಂದು ತಿಳಿಯುವುದು ಅದಕ್ಕಿಂತ ಕಠಿಣವಾದ ಕೆಲಸ. ಜಾನ್ ಟೌನ್‌ಸೆಂಡ್ 1900ರ ವೇಳೆಗೆ ಅನಿಲದಲ್ಲಿ ಅಯಾನುಗಳು ಹರಡುವ ವೇಗವನ್ನೂ ವಿದ್ಯುತ್ ಕ್ಷೇತ್ರದಲ್ಲಿ ಅವು ಚಲಿಸುವ ವೇಗವನ್ನೂ ಹೋಲಿಸಿ, ಅನಿಲದ ಅಯಾನಿನ ಆವೇಶ ಮತ್ತು ದ್ರಾವಣದಲ್ಲಿನ ಹೈಡ್ರೋಜನ್ ಅಯಾನಿನ ಆವೇಶ ಎರಡೂ ಒಂದೇ ಎಂದು ತೋರಿಸಿದರು. ಥಾಮ್ಸನ್ ಅವರು ಎಕ್ಸ್-ಕಿರಣ ಹಾಯಿಸಿದ ಗಾಳಿಯಲ್ಲಿ ಮಂಜು ಕಟ್ಟಿಸಿ, ಆ ಮಂಜಿನ ಹನಿಗಳು ಇಳಿಯುವ ವೇಗದಿಂದ ಆವೇಶವನ್ನು ಲೆಕ್ಕ ಹಾಕಿದರು. ಅವರ 1898ರ ಅಂಕಿ ಇಂದಿನ ಬೆಲೆಗಿಂತ ಸುಮಾರು ಮೂರನೇ ಒಂದು ಭಾಗ ಹೆಚ್ಚಾಗಿತ್ತು. 1903ರ ಅಂಕಿ ಕಾಲು ಭಾಗಕ್ಕೂ ಹೆಚ್ಚು ಕಡಿಮೆಯಾಗಿತ್ತು. ಮಂಜಿನ ಹನಿ ಆವಿಯಾಗುತ್ತಿದ್ದುದು ಮತ್ತು ಹನಿಗಳ ಗುಂಪಿನ ಸರಾಸರಿಯನ್ನಷ್ಟೇ ಅಳೆಯಲು ಸಾಧ್ಯವಿದ್ದುದು ಆ ವಿಧಾನದ ದೌರ್ಬಲ್ಯ.

ಅಮೆರಿಕದ ರಾಬರ್ಟ್ ಮಿಲಿಕನ್ ಈ ತೊಡಕನ್ನು ಬಿಡಿಸಿದರು. ಸುಲಭವಾಗಿ ಆವಿಯಾಗದ ಎಣ್ಣೆಯ ಒಂದೇ ಒಂದು ಹನಿಯನ್ನು ಎರಡು ಫಲಕಗಳ ನಡುವೆ ವಿದ್ಯುತ್ ಕ್ಷೇತ್ರದಲ್ಲಿ ಮೇಲೆ ಕೆಳಗೆ ಆಡಿಸುತ್ತ ಗಂಟೆಗಟ್ಟಲೆ ನೋಡುವ ವಿಧಾನವನ್ನು ಅವರು ವಿದ್ಯಾರ್ಥಿ ಹಾರ್ವೆ ಫ್ಲೆಚರ್ ನೆರವಿನಿಂದ 1909ರ ಬಳಿಕ ರೂಪಿಸಿದರು. ಫಲಕಗಳ ನಡುವಿನ ಗಾಳಿಗೆ ವಿಕಿರಣ ಹಾಯಿಸಿದಾಗ ಅಲ್ಲಿ ಅಯಾನುಗಳು ಹುಟ್ಟುತ್ತವೆ. ಹನಿಯು ಒಂದು ಅಯಾನನ್ನು ಸೆಳೆದುಕೊಂಡ ಕೂಡಲೇ ಅದರ ವೇಗ ಥಟ್ಟನೆ ಬದಲಾಗುತ್ತದೆ. ಆ ಬದಲಾವಣೆ ಯಾವಾಗಲೂ ಒಂದು ನಿಶ್ಚಿತ ಪ್ರಮಾಣದ ಒಂದು ಪಟ್ಟು, ಎರಡು ಪಟ್ಟು, ಮೂರು ಪಟ್ಟು ಹೀಗೆಯೇ ಇರುತ್ತದೆ, ಒಂದೂವರೆ ಪಟ್ಟು ಎಂದೂ ಇರುವುದಿಲ್ಲ. ವಿದ್ಯುದಾವೇಶವು ಬಿಡಿಬಿಡಿ ಘಟಕಗಳಲ್ಲಿಯೇ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿರಲಿಲ್ಲ.

ಮಿಲಿಕನ್ 1913ರಲ್ಲಿ ಪ್ರಕಟಿಸಿದ ಬೆಲೆ ಇಂದಿನ ಬೆಲೆಗಿಂತ ಶೇ. 0.6ರಷ್ಟು ಮಾತ್ರ ಕಡಿಮೆಯಾಗಿತ್ತು. ಗಾಳಿಯ ಸ್ನಿಗ್ಧತೆಯ ಅಂಕಿಯಲ್ಲಿದ್ದ ಸಣ್ಣ ದೋಷ ಇದಕ್ಕೆ ಕಾರಣವೆಂದು ಮುಂದೆ ತಿಳಿದುಬಂತು. ಮಿಲಿಕನ್ ಅವರಿಗೆ 1923ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. 2019ರ ಮೇ 20ರಿಂದ ಈ ಆವೇಶದ ಬೆಲೆಯನ್ನು ಅಂತಾರಾಷ್ಟ್ರೀಯ ಒಪ್ಪಂದದಂತೆ ನಿಶ್ಚಿತ ಸಂಖ್ಯೆಯಾಗಿ ಘೋಷಿಸಲಾಗಿದೆ: 1.602176634ನ್ನು 10ರ ಮೈನಸ್ 19ನೇ ಘಾತದಿಂದ ಗುಣಿಸಿದಷ್ಟು ಕೂಲಂಬ್.

ಬೆಂಗಳೂರಿಗೆ ಬಂದ ಮಿಲಿಕನ್

ಅಯಾನಿನ ಆವೇಶವನ್ನು ಅಳೆದ ಇದೇ ವಿಜ್ಞಾನಿ ಬಳಿಕ ಅಯಾನುಗಳನ್ನು ಎಣಿಸಲು ಬೆಂಗಳೂರಿಗೆ ಬಂದಿದ್ದರು ಎಂಬುದು ಕನ್ನಡಿಗರಲ್ಲಿ ಹೆಚ್ಚು ಪ್ರಚಾರ ಪಡೆಯದ ಸಂಗತಿ.

ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯಲ್ಲಿಯೂ ಅಯಾನುಗಳು ಹುಟ್ಟುತ್ತಲೇ ಇರುವುದನ್ನು ವಿಜ್ಞಾನಿಗಳು 20ನೇ ಶತಮಾನದ ಆರಂಭದಲ್ಲೇ ಗಮನಿಸಿದ್ದರು. ನೆಲದ ವಿಕಿರಣವೇ ಇದಕ್ಕೆ ಕಾರಣವಾಗಿದ್ದರೆ ಮೇಲೆ ಹೋದಂತೆ ಅದು ಕಡಿಮೆಯಾಗಬೇಕಿತ್ತು. ಆಸ್ಟ್ರಿಯಾದ ವಿಕ್ಟರ್ ಹೆಸ್ 1912ರ ಆಗಸ್ಟ್ 7ರಂದು ಬಲೂನಿನಲ್ಲಿ 5 ಸಾವಿರ ಮೀಟರಿಗೂ ಮೇಲೆ ಹೋಗಿ ಅಳೆದಾಗ ಅಯಾನೀಕರಣ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಕಿರಣಗಳು ಆಕಾಶದಿಂದ ಬರುತ್ತಿದ್ದವು. ಅವುಗಳಿಗೆ 1925ರಲ್ಲಿ ವಿಶ್ವಕಿರಣ ಎಂಬ ಅರ್ಥದ ಹೆಸರಿಟ್ಟವರು ಮಿಲಿಕನ್.

ಈ ಕಿರಣಗಳು ಆವೇಶ ಹೊತ್ತ ಕಣಗಳಾಗಿದ್ದರೆ ಭೂಮಿಯ ಕಾಂತಕ್ಷೇತ್ರವು ಅವುಗಳನ್ನು ಬಾಗಿಸಬೇಕು, ಕಾಂತೀಯ ಸಮಭಾಜಕದ ಬಳಿ ಕಡಿಮೆ ಶಕ್ತಿಯ ಕಣಗಳು ನೆಲದತ್ತ ಬರಲಾಗದೆ ಹೊರಳಿಹೋಗಬೇಕು. ಈ ಕಾಂತೀಯ ಸಮಭಾಜಕ ದಕ್ಷಿಣ ಭಾರತದ ಮೂಲಕ ಹಾದುಹೋಗುತ್ತದೆ. ಆದ್ದರಿಂದ ಇದನ್ನು ಪರೀಕ್ಷಿಸಲು ಬೆಂಗಳೂರಿನಂಥ ಸ್ಥಳ ಅತ್ಯಂತ ಸೂಕ್ತ. ಮಿಲಿಕನ್, ವಿಕ್ಟರ್ ನೆಹರ್ ಮತ್ತು ವಿಲಿಯಂ ಪಿಕರಿಂಗ್ ಅವರ ತಂಡ 1939-40ರ ಚಳಿಗಾಲದಲ್ಲಿ ಭಾರತಕ್ಕೆ ಬಂದು ಆಗ್ರಾ, ಪೇಶಾವರ ಮತ್ತು ಬೆಂಗಳೂರಿನಿಂದ ವಿಕಿರಣ ಮಾಪಕಗಳನ್ನು ಹೊತ್ತ ಬಲೂನುಗಳನ್ನು ಹಾರಿಬಿಟ್ಟಿತು. ಮೂರೂ ಊರುಗಳು ಬೇರೆ ಬೇರೆ ಕಾಂತೀಯ ಅಕ್ಷಾಂಶದಲ್ಲಿರುವುದರಿಂದ ಹೋಲಿಕೆ ಸಾಧ್ಯವಾಯಿತು. ವಿಶ್ವಕಿರಣಗಳ ಮೂಲದ ಕುರಿತು ಮಿಲಿಕನ್ ಮುಂದಿಟ್ಟ ಊಹೆ ಕಾಲಾಂತರದಲ್ಲಿ ಉಳಿಯಲಿಲ್ಲ. ಆದರೆ ಅಕ್ಷಾಂಶಕ್ಕೆ ತಕ್ಕಂತೆ ವಿಶ್ವಕಿರಣ ಬದಲಾಗುತ್ತದೆ ಎಂಬ ಅಂಶ ಗಟ್ಟಿಯಾಗಿ ನಿಂತಿತು. ತಂಡದಲ್ಲಿದ್ದ ಪಿಕರಿಂಗ್ ಮುಂದೆ ಅಮೆರಿಕದ ಮೊದಲ ಉಪಗ್ರಹದ ಯೋಜನೆಯಲ್ಲಿ ಪ್ರಮುಖ ಪಾತ್ರ ವಹಿಸಿದರು.

ಅದೇ ಕಾಲದಲ್ಲಿ ಮಹಾಯುದ್ಧದ ಕಾರಣ ಇಂಗ್ಲೆಂಡಿಗೆ ಮರಳಲಾಗದೆ ಉಳಿದ ಹೋಮಿ ಭಾಭಾ, ಸರ್ ಸಿ.ವಿ. ರಾಮನ್ ಇದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ ವಿಶ್ವಕಿರಣ ಸಂಶೋಧನಾ ವಿಭಾಗವನ್ನು ಕಟ್ಟಿದರು. ಅವರ ತಂಡ ವಿಮಾನದಲ್ಲಿ ಸುಮಾರು 30 ಸಾವಿರ ಅಡಿ ಎತ್ತರದವರೆಗೆ ಮಾಪಕಗಳನ್ನು ಒಯ್ದು ನಡೆಸಿದ ಅಳತೆಗಳು 1945ರಲ್ಲಿ ಪ್ರಕಟವಾದವು. ಮುಂದೆ ನಂಜನಗೂಡು ಮೂಲದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಕೋಲಾರದ ಚಿನ್ನದ ಗಣಿಯ ಆಳಕ್ಕೆ ಗೀಗರ್ ಕೊಳವೆಗಳನ್ನು ಇಳಿಸಿದರು. ಅದೇ ಗಣಿಯಲ್ಲಿ ಭಾರತ, ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಗುರುತನ್ನು ಕಂಡರು.

ಉಪಕರಣದ ರಚನೆ

ಇಂದು ಬಳಕೆಯಲ್ಲಿರುವ ಅಯಾನು ಕೋಶದ ರಚನೆ ಸರಳವಾಗಿದೆ. ನಿರ್ದಿಷ್ಟ ಗಾತ್ರದ ಗಾಳಿ ಅಥವಾ ಬೇರೆ ಅನಿಲ ತುಂಬಿದ ಪುಟ್ಟ ಕೋಶ, ಅದರ ಹೊರಗೋಡೆ ಒಂದು ವಿದ್ಯುದ್ವಾರ, ನಡುವಿನ ಕಡ್ಡಿ ಇನ್ನೊಂದು ವಿದ್ಯುದ್ವಾರ. ಇವೆರಡರ ನಡುವೆ ಸಾಮಾನ್ಯವಾಗಿ 300ರಿಂದ 400 ವೋಲ್ಟ್ ಕೊಡಲಾಗುತ್ತದೆ. ಧನ ಅಯಾನುಗಳು ಒಂದು ಕಡೆ, ಋಣ ಅಯಾನುಗಳು ಇನ್ನೊಂದು ಕಡೆ ಸೇರುತ್ತವೆ. ಸೇರಿದ ಆವೇಶವನ್ನು ಎಲೆಕ್ಟ್ರೋಮೀಟರ್ ಎಂಬ ಅತಿ ಸೂಕ್ಷ್ಮ ಮಾಪಕ ಓದಿ ಹೇಳುತ್ತದೆ.

ವೋಲ್ಟೇಜ್ ಕಡಿಮೆಯಾದರೆ ಅಯಾನುಗಳು ವಿದ್ಯುದ್ವಾರವನ್ನು ಸೇರುವ ಮೊದಲೇ ಪರಸ್ಪರ ಕೂಡಿಕೊಂಡು ಆವೇಶ ನಷ್ಟವಾಗುತ್ತದೆ. ಇದನ್ನು ಮರುಸಂಯೋಗ ಎನ್ನುತ್ತಾರೆ. ಎರಡು ಬೇರೆ ವೋಲ್ಟೇಜ್‌ಗಳಲ್ಲಿ ಅಳೆದು ಈ ನಷ್ಟವನ್ನು ಲೆಕ್ಕ ಹಾಕುವುದು ರೂಢಿ. ವೋಲ್ಟೇಜ್ ಅತಿಯಾದರೆ ಎಲೆಕ್ಟ್ರಾನುಗಳೇ ವೇಗ ಪಡೆದು ಹೊಸ ಅಯಾನುಗಳನ್ನು ಹುಟ್ಟಿಸತೊಡಗುತ್ತವೆ. ಆಗ ಸಂಕೇತ ದೊಡ್ಡದಾಗುತ್ತದೆ, ಆದರೆ ಮೂಲ ಆವೇಶದೊಂದಿಗಿನ ನೇರ ಸಂಬಂಧ ಸಡಿಲವಾಗುತ್ತದೆ. ಗೀಗರ್ ಕೊಳವೆಯಲ್ಲಿ ಈ ಹಿಮಪಾತದಂಥ ವೃದ್ಧಿ ಪರಾಕಾಷ್ಠೆ ಮುಟ್ಟುತ್ತದೆ. ಕಣ ಬಂದದ್ದನ್ನು ಅದು 'ಟಕ್' ಎಂದು ಹೇಳುತ್ತದೆಯೇ ಹೊರತು, ಆ ಕಣ ಎಷ್ಟು ಶಕ್ತಿ ಬಿಟ್ಟುಹೋಯಿತು ಎಂಬುದನ್ನು ಹೇಳಲಾರದು. ಅಷ್ಟೇ ಅಲ್ಲ, ವಿಕಿರಣ ಅತಿ ತೀವ್ರವಾದಾಗ ಸಾಧಾರಣ ಗೀಗರ್ ಮಾಪಕ ಎಣಿಕೆ ತಪ್ಪಿ ನಿಜಕ್ಕಿಂತ ಕಡಿಮೆ ತೋರಿಸುವ ಸಾಧ್ಯತೆಯೂ ಇದೆ. ಖಚಿತ ಅಳತೆಗೆ ಅಯಾನು ಕೋಶವನ್ನೇ ನೆಚ್ಚಿಕೊಳ್ಳುವುದಕ್ಕೆ ಕಾರಣ ಇದು.

ಮಾನಗಳ ಪರಿಚಯ

ಗಾಳಿಯಲ್ಲಿ ಹುಟ್ಟಿದ ಆವೇಶವನ್ನೇ ಆಧರಿಸಿ 1928ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ವಿಕಿರಣ ವೈದ್ಯ ಸಮ್ಮೇಳನ 'ರಾಂಟ್ಜನ್' ಮಾನವನ್ನು ಅಂಗೀಕರಿಸಿತು. ಇಂದಿನ ಲೆಕ್ಕದಲ್ಲಿ ಒಂದು ರಾಂಟ್ಜನ್ ಎಂದರೆ ಒಂದು ಕಿಲೋಗ್ರಾಂ ಗಾಳಿಯಲ್ಲಿ 0.000258 ಕೂಲಂಬ್ ಆವೇಶ. ಬೇರೆ ಮಾತಿನಲ್ಲಿ, ಸಾಮಾನ್ಯ ಒತ್ತಡ ಮತ್ತು ಸೊನ್ನೆ ಡಿಗ್ರಿ ತಾಪದ ಒಂದು ಘನ ಸೆಂಟಿಮೀಟರ್ ಒಣ ಗಾಳಿಯಲ್ಲಿ ಸುಮಾರು 208 ಕೋಟಿ ಅಯಾನು ಜೋಡಿಗಳು.

ಮುಂದೆ ವಸ್ತುವು ಹೀರಿಕೊಂಡ ಶಕ್ತಿಗೆ 'ಗ್ರೇ' (ಒಂದು ಕಿಲೋಗ್ರಾಂಗೆ ಒಂದು ಜೂಲ್) ಮತ್ತು ದೇಹದ ಮೇಲಿನ ಪರಿಣಾಮವನ್ನು ಗಣಿಸುವ 'ಸೀವರ್ಟ್' ಮಾನಗಳು 1970ರ ದಶಕದಲ್ಲಿ ಬಂದವು. ಸೀವರ್ಟ್ ಬಹಳ ದೊಡ್ಡ ಮಾನವಾದ್ದರಿಂದ ನಿತ್ಯ ವ್ಯವಹಾರದಲ್ಲಿ ಅದರ ಸಾವಿರದ ಒಂದು ಭಾಗವಾದ ಮಿಲಿಸೀವರ್ಟ್ ಮತ್ತು ಹತ್ತು ಲಕ್ಷದ ಒಂದು ಭಾಗವಾದ ಮೈಕ್ರೋಸೀವರ್ಟ್ ಬಳಕೆಯಲ್ಲಿವೆ.

ಆಸ್ಪತ್ರೆಯಲ್ಲಿ ಅಳತೆಯ ಮಹತ್ವ

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ ಹಲವು ವಾರ ವಿಕಿರಣ ನೀಡುವ ಪದ್ಧತಿ ಇದೆ. ಯಂತ್ರದಿಂದ ನಿಜಕ್ಕೂ ಅಷ್ಟೇ ಬರುತ್ತಿದೆಯೇ ಎಂದು ಪರೀಕ್ಷಿಸುವುದು ವೈದ್ಯಕೀಯ ಭೌತವಿಜ್ಞಾನಿಯ ಹೊಣೆ. ಅವರು ನೀರಿನ ತೊಟ್ಟಿಯೊಳಗೆ ಬೆರಳ ತುದಿಯಷ್ಟು ಗಾತ್ರದ, 0.6 ಘನ ಸೆಂಟಿಮೀಟರ್ ಗಾಳಿ ಹಿಡಿಯುವ ಅಯಾನು ಕೋಶವನ್ನು ಇಡುತ್ತಾರೆ. ಇದನ್ನು ರೂಪಿಸಿದ ವಿಜ್ಞಾನಿಯ ಹೆಸರಿನಿಂದ ಫಾರ್ಮರ್ ಕೋಶ ಎಂದು ಕರೆಯುವುದುಂಟು. ದೇಹದ ಬಹುಭಾಗ ನೀರೇ ಆಗಿರುವುದರಿಂದ ನೀರಿನ ತೊಟ್ಟಿ ದೇಹಕ್ಕೆ ಬದಲಿಯಾಗಿ ನಿಲ್ಲುತ್ತದೆ. 2 ಗ್ರೇ ವಿಕಿರಣಕ್ಕೆ ಆ ಕೋಶದಲ್ಲಿ ಸಂಗ್ರಹವಾಗುವ ಆವೇಶ ಸುಮಾರು 40 ನ್ಯಾನೋಕೂಲಂಬ್, ಅಂದರೆ ಒಂದು ಕೂಲಂಬಿನ 2.5 ಕೋಟಿಯಲ್ಲಿ ಒಂದು ಪಾಲು. ಅಯಾನು ಜೋಡಿಗಳ ಲೆಕ್ಕದಲ್ಲಿ ಅದು ಸುಮಾರು 25 ಸಾವಿರ ಕೋಟಿ.

ರೋಗಿಗೆ ಸಲ್ಲುವ ಪ್ರಮಾಣವು ನಿಗದಿತ ಪ್ರಮಾಣಕ್ಕಿಂತ ಶೇ. 5ಕ್ಕಿಂತ ಹೆಚ್ಚು ಆಚೀಚೆ ಆಗಬಾರದು ಎಂಬುದು ಅಂತಾರಾಷ್ಟ್ರೀಯ ತಜ್ಞರ ಶಿಫಾರಸು. ಕಡಿಮೆಯಾದರೆ ಗಡ್ಡೆ ಮತ್ತೆ ಬೆಳೆಯಬಹುದು, ಹೆಚ್ಚಾದರೆ ಆರೋಗ್ಯವಂತ ಅಂಗಾಂಶ ಸುಡಬಹುದು. ಇಲ್ಲಿಯೇ ಊರಿನ ಎತ್ತರ ಮತ್ತು ಬಿಸಿಲು ಲೆಕ್ಕಕ್ಕೆ ಬರುತ್ತವೆ.

ಹೊರಗಿನ ಗಾಳಿಗೆ ತೆರೆದುಕೊಂಡಿರುವ ಕೋಶದಲ್ಲಿನ ಗಾಳಿಯ ತೂಕವು ಅಂದಿನ ತಾಪ ಮತ್ತು ಒತ್ತಡವನ್ನು ಅವಲಂಬಿಸುತ್ತದೆ. ಅಳತೆಯ ಆಧಾರ ಸ್ಥಿತಿ 20 ಡಿಗ್ರಿ ಸೆಲ್ಸಿಯಸ್ ಮತ್ತು ಸಮುದ್ರ ಮಟ್ಟದ 1013 ಹೆಕ್ಟೋಪಾಸ್ಕಲ್ ಒತ್ತಡ. ಕೊಪ್ಪಳದಷ್ಟು, ಅಂದರೆ ಸಮುದ್ರ ಮಟ್ಟದಿಂದ ಐನೂರು ಮೀಟರಿಗೂ ತುಸು ಹೆಚ್ಚು ಎತ್ತರದ ಊರಿನಲ್ಲಿ ಒತ್ತಡ ಸುಮಾರು 950 ಹೆಕ್ಟೋಪಾಸ್ಕಲ್ ಇರುತ್ತದೆ. ಕೋಣೆಯ ತಾಪ 35 ಡಿಗ್ರಿ ಇದ್ದರೆ ಕೋಶದೊಳಗಿನ ಗಾಳಿ ಹಗುರಾಗಿ, ಅದೇ ವಿಕಿರಣಕ್ಕೆ ಆವೇಶ ಶೇ. 11ರಷ್ಟು ಕಡಿಮೆ ಕಾಣುತ್ತದೆ. ಓದಿದ ಅಂಕಿಯನ್ನು 1.12ರಿಂದ ಗುಣಿಸಿ ಸರಿಪಡಿಸಬೇಕು. ಹಾಗೆ ಮಾಡದೆ ಯಂತ್ರವೇ ಕಡಿಮೆ ಕೊಡುತ್ತಿದೆ ಎಂದು ಭಾವಿಸಿ ಸಮಯ ಹೆಚ್ಚಿಸಿದರೆ ರೋಗಿಗೆ ಶೇ. 12ರಷ್ಟು ಅಧಿಕ ವಿಕಿರಣ ಬೀಳುತ್ತದೆ. ಹವಾನಿಯಂತ್ರಣ ಯಂತ್ರ ಕೋಣೆಯ ತಾಪವನ್ನು ಸರಿಪಡಿಸಬಹುದು, ಊರಿನ ಎತ್ತರವನ್ನಲ್ಲ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಒತ್ತಡದ ತಿದ್ದುಪಡಿಯೊಂದೇ ಶೇ. 11ರಷ್ಟಾಗುತ್ತದೆ. ಆದ್ದರಿಂದ ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ತಾಪಮಾಪಕ ಮತ್ತು ವಾಯುಭಾರಮಾಪಕಗಳು ಅಲಂಕಾರದ ವಸ್ತುಗಳಲ್ಲ.

ಆಸ್ಪತ್ರೆಗಳ ಅಯಾನು ಕೋಶಗಳನ್ನು ಕಾಲಕಾಲಕ್ಕೆ ಪ್ರಮಾಣಿತ ಕೋಶದೊಂದಿಗೆ ಹೋಲಿಸಿ ಪ್ರಮಾಣಪತ್ರ ಪಡೆಯಬೇಕಾಗುತ್ತದೆ. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರ ದೇಶದ ವಿಕಿರಣ ಪ್ರಮಾಣಗಳನ್ನು ಕಾಪಾಡುತ್ತದೆ. ಎಕ್ಸ್-ರೇ ಯಂತ್ರದಿಂದ ಅಣು ಸ್ಥಾವರದವರೆಗೆ ಸುರಕ್ಷತಾ ನಿಯಂತ್ರಣದ ಹೊಣೆ 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿಯದು.

ಬಂಡೆ, ಮಣ್ಣು ಮತ್ತು ಹಿನ್ನೆಲೆ ವಿಕಿರಣ

ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಹೆಸರು ಪಡೆದ ಗ್ರಾನೈಟ್ ಪಟ್ಟಿ ದಕ್ಷಿಣದಿಂದ ತುಮಕೂರು, ಬಳ್ಳಾರಿ ಸೀಮೆಗಳ ಮೂಲಕ ಉತ್ತರಕ್ಕೆ ಚಾಚಿಕೊಂಡಿದೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಇಂಥ ಶಿಲೆಗಳ ಸೀಮೆಯಲ್ಲಿ ಹಿನ್ನೆಲೆ ವಿಕಿರಣವು ಸುಣ್ಣಕಲ್ಲಿನ ಸೀಮೆಗಿಂತ ತುಸು ಹೆಚ್ಚಿರುವುದು ಸಹಜ. ಜಗತ್ತಿನ ಸಾಮಾನ್ಯ ಮಣ್ಣಿನ ಒಂದು ಕಿಲೋಗ್ರಾಂನಲ್ಲಿ ಸೆಕೆಂಡಿಗೆ ಸುಮಾರು 35 ಯುರೇನಿಯಂ, 30 ಥೋರಿಯಂ ಮತ್ತು 400 ಪೊಟ್ಯಾಸಿಯಂ-40 ಪರಮಾಣುಗಳು ಕ್ಷಯಿಸುತ್ತವೆ ಎಂಬುದು ವಿಶ್ವಸಂಸ್ಥೆಯ ವಿಕಿರಣ ಪರಿಣಾಮ ಸಮಿತಿಯ ಅಂಕಿ.

ಇದನ್ನು ಅಯಾನುಗಳ ಭಾಷೆಯಲ್ಲಿ ಹೇಳುವುದಾದರೆ, ಗಂಟೆಗೆ 0.1 ಮೈಕ್ರೋಗ್ರೇ ಗಾಮಾ ವಿಕಿರಣ ಇರುವ ಸ್ಥಳದಲ್ಲಿ ಪ್ರತಿ ಘನ ಸೆಂಟಿಮೀಟರ್ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 6 ಅಯಾನು ಜೋಡಿಗಳು ಹುಟ್ಟುತ್ತವೆ. ಒಂದು ಲೀಟರ್ ಗಾಳಿಯ ಕೋಶದಲ್ಲಿ ಇದರಿಂದ ಬರುವ ಪ್ರವಾಹವು ಒಂದು ಆಂಪಿಯರಿನ ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟಾದೀತು. ಹೆಬ್ಬೆರಳಿನ ಬೆವರು ತಾಗಿದ ನಿರೋಧಕದ ಮೂಲಕ ಸೋರಿಹೋಗುವ ಪ್ರವಾಹವೂ ಇದಕ್ಕಿಂತ ಹೆಚ್ಚಾಗಬಹುದು. ಹೀಗಾಗಿ ಪರಿಸರ ಮಾಪನಕ್ಕೆ ಗಾಳಿಯ ಬದಲು ಅಧಿಕ ಒತ್ತಡದ ಆರ್ಗಾನ್ ಅನಿಲ ತುಂಬಿದ ದೊಡ್ಡ ಕೋಶಗಳನ್ನು ನೆಲದಿಂದ ಒಂದು ಮೀಟರ್ ಎತ್ತರದಲ್ಲಿಟ್ಟು ಅಳೆಯುತ್ತಾರೆ.

ರಾಜ್ಯದಲ್ಲಿ ಇಂಥ ಅಧ್ಯಯನಗಳಿಗೆ ಇತಿಹಾಸವಿದೆ. ಮಂಗಳೂರು ಬಳಿಯ ಉಳ್ಳಾಲದ ಕಡಲತೀರದ ಮರಳಿನಲ್ಲಿ ಮೊನಜೈಟ್ ಇರುವ ಕಡೆ ಹಿನ್ನೆಲೆ ವಿಕಿರಣ ಹೆಚ್ಚಿರುವುದನ್ನು ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ದಾಖಲಿಸಿದ್ದಾರೆ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಪತ್ತೆಯಾಗಿದೆ. ಉತ್ತರ ಕನ್ನಡದ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳು 2000 ಮತ್ತು 2011ರ ನಡುವೆ ಹಂತಹಂತವಾಗಿ ಉತ್ಪಾದನೆ ಆರಂಭಿಸಿದವು. ಅಲ್ಲಿನ ಪರಿಸರ ಸಮೀಕ್ಷಾ ಪ್ರಯೋಗಾಲಯ ಸುತ್ತಲಿನ ಗಾಳಿ, ನೀರು, ಮಣ್ಣು ಮತ್ತು ಆಹಾರವನ್ನು ಪರೀಕ್ಷಿಸುತ್ತದೆ.

ಕೋಶಕ್ಕೆ ಕಾಣದ್ದು

ಅಯಾನು ಕೋಶ ಎಲ್ಲವನ್ನೂ ಕಾಣುತ್ತದೆ ಎಂದು ತಿಳಿಯುವುದು ತಪ್ಪಾಗುತ್ತದೆ. ಕೈಗಾದಲ್ಲಿ 2009ರ ನವೆಂಬರ್‌ನಲ್ಲಿ ನಡೆದ ಪ್ರಕರಣ ಇದಕ್ಕೆ ನಿದರ್ಶನ. ಕುಡಿಯುವ ನೀರಿನ ಕೂಲರಿಗೆ ಟ್ರೀಷಿಯಂ ಬೆರೆತ ಭಾರಜಲ ಸೇರಿ, 50ಕ್ಕೂ ಹೆಚ್ಚು ನೌಕರರ ದೇಹದಲ್ಲಿ ಟ್ರೀಷಿಯಂ ಅಂಶ ಕಂಡುಬಂದಿತ್ತು. ಅದು ಬೆಳಕಿಗೆ ಬಂದದ್ದು ನೌಕರರ ಮೂತ್ರ ಪರೀಕ್ಷೆಯಿಂದ. ಟ್ರೀಷಿಯಂ ಹೊರಸೂಸುವ ಬೀಟಾ ಕಣಗಳು ಎಷ್ಟು ದುರ್ಬಲವೆಂದರೆ ಅವು ಚರ್ಮದ ಹೊರಪದರವನ್ನೂ ದಾಟಲಾರವು, ಮಾಪಕದ ಗೋಡೆಯನ್ನೂ ದಾಟಲಾರವು. ಆದರೆ ನೀರಿನೊಂದಿಗೆ ಒಳಹೊಕ್ಕರೆ ದೇಹವನ್ನು ಒಳಗಿನಿಂದಲೇ ತಾಗುತ್ತವೆ. ಹೊರಗೆ ಇಟ್ಟ ಮಾಪಕ ಸುಮ್ಮನಿದೆ ಎಂದ ಮಾತ್ರಕ್ಕೆ ನೀರು, ಆಹಾರಗಳ ಪರೀಕ್ಷೆ ಬೇಡ ಎಂದಾಗುವುದಿಲ್ಲ.

ಅಂತೆಯೇ ಬಂಡೆ, ಮಣ್ಣುಗಳಿಂದ ಹೊಮ್ಮುವ ರೇಡಾನ್ ಅನಿಲವೂ ಪ್ರತ್ಯೇಕ ಮಾಪನ ಬೇಡುತ್ತದೆ. ಮನುಷ್ಯನಿಗೆ ನಿಸರ್ಗದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ ಎಂಬುದು ಜಾಗತಿಕ ಅಂದಾಜು. ಅದರಲ್ಲಿ ಅರ್ಧದಷ್ಟು ಉಸಿರಿನ ಮೂಲಕ ಒಳಹೋಗುವ ರೇಡಾನ್ ಮತ್ತು ಅದರ ಸಂತತಿಯಿಂದ ಬರುತ್ತದೆ. ಕಲ್ಲಿನ ಮನೆಗಳಲ್ಲಿ ಗಾಳಿ ಚೆನ್ನಾಗಿ ಆಡುವಂತೆ ನೋಡಿಕೊಳ್ಳುವುದೇ ಇದಕ್ಕೆ ಸುಲಭ ಪರಿಹಾರ.

ಅಂಕಿ ಕೇಳಿದಾಗ ಓದುಗರು ಕೇಳಬೇಕಾದ ಪ್ರಶ್ನೆಗಳು

ಅಣು ಸ್ಥಾವರದ ಪರವಾಗಿಯಾಗಲಿ ವಿರೋಧವಾಗಿಯಾಗಲಿ ಯಾರಾದರೂ ವಿಕಿರಣದ ಅಂಕಿ ಮುಂದಿಟ್ಟಾಗ ಕೆಳಗಿನ ಪ್ರಶ್ನೆಗಳನ್ನು ಕೇಳುವುದು ಒಳಿತು.

1. ಮಾನ ಯಾವುದು? ಮಿಲಿಸೀವರ್ಟ್ ಮತ್ತು ಮೈಕ್ರೋಸೀವರ್ಟ್ ನಡುವೆ ಸಾವಿರ ಪಟ್ಟು ಅಂತರವಿದೆ. ಗಂಟೆಯ ಲೆಕ್ಕವೋ ವರ್ಷದ ಲೆಕ್ಕವೋ ಎಂಬುದೂ ಸ್ಪಷ್ಟವಾಗಬೇಕು.

2. ಮೊದಲು ಎಷ್ಟಿತ್ತು? ಹಿನ್ನೆಲೆ ವಿಕಿರಣದ ಅಂಕಿ ಇಲ್ಲದಿದ್ದರೆ ಹೆಚ್ಚಳವನ್ನು ಸಾಬೀತುಪಡಿಸಲಾಗದು, ನಿರಾಕರಿಸಲೂ ಆಗದು. ಆದ್ದರಿಂದ ಯಾವುದೇ ಸ್ಥಾವರಕ್ಕೆ ಮುನ್ನ, ಎಲ್ಲ ಋತುಗಳಲ್ಲಿ ನಡೆದ ಅಳತೆ ಜನರ ಕೈಯಲ್ಲಿರಬೇಕು.

3. ಉಪಕರಣ ಯಾವುದು? ಗೀಗರ್ ಮಾಪಕ ಎಣಿಸುತ್ತದೆ, ಅಯಾನು ಕೋಶ ಆವೇಶವನ್ನು ಅಳೆಯುತ್ತದೆ. ಅಗ್ಗದ ಮಾಪಕದ ಒಂದೆರಡು ನಿಮಿಷದ ಓದನ್ನು ಅಂತಿಮವೆಂದು ಒಪ್ಪಲಾಗದು.

4. ಅದನ್ನು ಯಾವಾಗ ಪ್ರಮಾಣೀಕರಿಸಲಾಗಿದೆ? ದಿನಾಂಕವಿರುವ ಪ್ರಮಾಣಪತ್ರ ಇರಬೇಕು.

5. ಅಳೆದದ್ದು ಗಾಳಿಯನ್ನೋ, ನೀರನ್ನೋ, ಆಹಾರವನ್ನೋ? ಒಂದರ ಉತ್ತರ ಇನ್ನೊಂದಕ್ಕೆ ಸಲ್ಲುವುದಿಲ್ಲ.

ಒಂದು ನೋಟದಲ್ಲಿ

* ಎದೆಯ ಒಂದು ಎಕ್ಸ್-ರೇ: ಸುಮಾರು 0.02ರಿಂದ 0.1 ಮಿಲಿಸೀವರ್ಟ್
* ನಿಸರ್ಗದಿಂದ ವರ್ಷಕ್ಕೆ ಸರಾಸರಿ: 2.4 ಮಿಲಿಸೀವರ್ಟ್
* ಸಾರ್ವಜನಿಕರಿಗೆ ವಾರ್ಷಿಕ ಮಿತಿ (ನಿಸರ್ಗ ಮತ್ತು ವೈದ್ಯಕೀಯ ವಿಕಿರಣ ಹೊರತುಪಡಿಸಿ): 1 ಮಿಲಿಸೀವರ್ಟ್
* ವಿಕಿರಣ ಕ್ಷೇತ್ರದ ನೌಕರರಿಗೆ ಮಿತಿ: 5 ವರ್ಷಗಳ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮೀರುವಂತಿಲ್ಲ
* ಗಾಳಿಯಲ್ಲಿ ಒಂದು ಅಯಾನು ಜೋಡಿಗೆ ಬೇಕಾದ ಸರಾಸರಿ ಶಕ್ತಿ: 33.97 ಎಲೆಕ್ಟ್ರಾನ್ ವೋಲ್ಟ್

ಕೇಂಬ್ರಿಜ್‌ನ ಪ್ರಯೋಗಾಲಯದಲ್ಲಿ ಎರಡು ಫಲಕಗಳ ನಡುವಿನ ಗಾಳಿಯಿಂದ ಆರಂಭವಾದ ಈ ವಿದ್ಯೆ ಬೆಂಗಳೂರಿನ ಬಲೂನಿನಲ್ಲಿ ಆಕಾಶಕ್ಕೇರಿ, ಕೋಲಾರದ ಗಣಿಯಲ್ಲಿ ಪಾತಾಳಕ್ಕಿಳಿದು, ಇಂದು ಆಸ್ಪತ್ರೆಯ ನೀರಿನ ತೊಟ್ಟಿಯಲ್ಲಿ ರೋಗಿಯ ಪಾಲಿಗೆ ಕಾವಲಾಗಿ ನಿಂತಿದೆ. ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಗಾಳಿಯಲ್ಲಿ ಬಿಟ್ಟುಹೋಗುವ ಆವೇಶವೇ ಅದರ ಹೆಜ್ಜೆಗುರುತು. ಆ ಹೆಜ್ಜೆಗಳನ್ನು ಸರಿಯಾಗಿ ಎಣಿಸಿ, ಎಣಿಕೆಯನ್ನು ಜನರ ಮುಂದಿಡುವ ವ್ಯವಸ್ಥೆ ಇದ್ದಲ್ಲಿ ಅನಗತ್ಯ ಭಯಕ್ಕೂ ಆಸ್ಪದವಿರದು, ಅಪಾಯವನ್ನು ಮರೆಮಾಚುವುದಕ್ಕೂ ಅವಕಾಶವಿರದು.